ನಕ್ಷೆ ಡೇಟಾಗೆ ಹೆಸರಿಡುವುದು ಹೇಗೆ? 600 ಪದರ ಇವೆ, ಒಂದು ಪದ್ಧತಿ ಇಲ್ಲ

ಕೆರೆದಂಡೆ ಕೇಳಿದ್ದು:

ನಮಸ್ಕಾರ. ನಾವು ನಾಲ್ಕು ಜನರ ಚಿಕ್ಕ ತಂಡ. ಬೆಂಗಳೂರಿನ ಕೆರೆ, ರಾಜಕಾಲುವೆ, ಮಳೆ ಬಂದಾಗ ನೀರು ನಿಲ್ಲುವ ಜಾಗ, ಇವುಗಳ ನಕ್ಷೆ ಮಾಡುತ್ತೇವೆ. ಐದು ವರ್ಷದಲ್ಲಿ ಸುಮಾರು 600 ಪದರ (ಲೇಯರ್, ಅಂದರೆ ಒಂದೊಂದು ವಿಷಯದ ನಕ್ಷೆ ಡೇಟಾ) ಗುಡ್ಡೆ ಬಿದ್ದಿವೆ. ಕೆಲವು ಶೇಪ್‌ಫೈಲ್ (ಗಡಿ, ಗೆರೆ, ಬಿಂದುಗಳ ಫೈಲ್), ಕೆಲವು ಜಿಯೋಟಿಫ್ (ಜಾಗದ ಗುರುತು ಇರುವ ಚಿತ್ರ), ಉಳಿದವು ಪೋಸ್ಟ್‌ಜಿಐಎಸ್ ಟೇಬಲ್, ಅಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇಟ್ಟ ನಕ್ಷೆಗಳು. ಹೆಸರು ಮಾತ್ರ ಯಾರಿಗೆ ಹೇಗೆ ತೋಚಿತೋ ಹಾಗೆ. ವಾರ್ಡ್_ಫೈನಲ್, ವಾರ್ಡ್_ಫೈನಲ್_ಹೊಸದು, ವಾರ್ಡ್_ಫೈನಲ್_ಹೊಸದು2_ಇದನ್ನೇ_ಬಳಸಿ. ನಗಬೇಡಿ, ನಿಮ್ಮ ಡಿಸ್ಕಿನಲ್ಲೂ ಇಂಥದ್ದು ಒಂದಾದರೂ ಇರುತ್ತದೆ.

(ಹೆಸರುಗಳನ್ನು ಇಲ್ಲಿ ಓದಲು ಸುಲಭವಾಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ಡಿಸ್ಕಿನಲ್ಲಿ ಎಲ್ಲ ಇಂಗ್ಲಿಷ್ ಅಕ್ಷರವೇ.)

ಇಷ್ಟು ದಿನ ಹೇಗೋ ನಡೆಯುತ್ತಿತ್ತು. ಹೋದ ತಿಂಗಳು ಮಾನ ಹೋಯಿತು. ನೀರು ನಿಂತ ದೂರುಗಳ ಒಂದು ಪಟ್ಟಿ ಇತ್ತು, ಅದರಲ್ಲಿ ವಾರ್ಡ್ ಸಂಖ್ಯೆ ಹಳೆಯ 198 ವಾರ್ಡ್‌ಗಳದ್ದು. ನಾನು ತೆರೆದ ಪದರ 2022ರ ವಿಂಗಡಣೆಯದ್ದು, ಅಂದರೆ 243 ವಾರ್ಡ್. ಎರಡರ ಹೆಸರೂ 'ವಾರ್ಡ್' ಅಂತಲೇ ಶುರು. ಸಂಖ್ಯೆ ಹಿಡಿದು ಜೋಡಿಸಿದೆ, ಒಂದೇ ಒಂದು ಎರರ್ ಬರಲಿಲ್ಲ. ಹೇಗೆ ಬರುತ್ತದೆ, 1ರಿಂದ 198ರವರೆಗೆ ಎಲ್ಲ ಸಂಖ್ಯೆಯೂ ಹೊಸ ನಕ್ಷೆಯಲ್ಲಿ ಇವೆಯಲ್ಲ! ನಕ್ಷೆ ಬಂತು, ಬಣ್ಣ ತುಂಬಿತು, 45 ವಾರ್ಡ್ ಮಾತ್ರ ಖಾಲಿ. ಅಲ್ಲಿನ ಜನ ದೂರೇ ಕೊಡುವುದಿಲ್ಲವೇನೋ ಅಂದುಕೊಂಡು ಅದಕ್ಕೂ ಒಂದು ಪ್ಯಾರಾ ವಿವರಣೆ ಬರೆದೆವು. ಸಭೆಯಲ್ಲಿ ಒಬ್ಬರು ತಮ್ಮ ಮನೆ ಮುಂದೆ ಮೊಣಕಾಲುದ್ದ ನೀರು ನಿಂತ ಫೋಟೊ ತೋರಿಸಿದ ಮೇಲೆ ಗೊತ್ತಾಗಿದ್ದು.

ಈಗ ನಮ್ಮ ಪೈಥಾನ್ ಟೂಲನ್ನು ಮೊದಲಿಂದ ಬರೆಯುತ್ತಿದ್ದೇವೆ. ಕೋಡಿನಲ್ಲಿ ಡಿ ಡ್ರೈವಿನ ಉದ್ದುದ್ದ ಪಾತ್ ಬರೆಯುವ ಬದಲು ಒಂದು ಹೆಸರು ಕೊಟ್ಟರೆ ಡೇಟಾ ಸಿಗಬೇಕು. ಆ ಹೆಸರಿನಲ್ಲಿ ಏನೇನು ಇರಬೇಕು? ಪ್ರೊಜೆಕ್ಷನ್ (ಗುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಲೆಕ್ಕ) ಹಾಕಬೇಕಾ? ವರ್ಷ ಹಾಕಿದರೆ ಯಾವ ವರ್ಷ? ಊರಿನ ಹೆಸರು ಹಳೆಯದಾ ಹೊಸದಾ? ಕನ್ನಡದಲ್ಲೇ ಇಡಬಹುದಾ? ಅನುಭವ ಇದ್ದವರು ಹೇಳಿ.

---

ಪುಟ್ಟಣ್ಣ_ಪೋಸ್ಟ್‌ಗ್ರೆಸ್:

45 ಖಾಲಿ ವಾರ್ಡಿಗೆ ವಿವರಣೆ ಬರೆದಿದ್ದು ಓದಿ ಕಾಫಿ ನೆತ್ತಿಗೇರಿತು. ಕ್ಷಮಿಸಿ.

ಮೊದಲು ಒಂದು ವಿಷಯ. ಡೇಟಾದ ಹೆಸರು ಬೇರೆ, ಅದು ಎಲ್ಲಿ ಇಟ್ಟಿದೆ ಅನ್ನುವುದು ಬೇರೆ. ನೀವು ಇವೆರಡನ್ನೂ ಕಲಸಿದ್ದೀರಿ. ಶೇಪ್‌ಫೈಲನ್ನು ನಾಳೆ ಜಿಯೋಪ್ಯಾಕೇಜ್ ಅನ್ನುವ ಬೇರೆ ಬಗೆಯ ಫೈಲ್ ಮಾಡಿದರೆ, ಡ್ರೈವ್ ಬದಲಾದರೆ, ಕ್ಲೌಡಿಗೆ ಹಾಕಿದರೆ ಹೆಸರು ಬದಲಾಗಬಾರದು. ಅದಕ್ಕೆ ನಡುವೆ ಒಂದು ಕ್ಯಾಟಲಾಗ್ ಟೇಬಲ್ ಬೇಕು. ಒಂದು ಕಡೆ ಹೆಸರು, ಇನ್ನೊಂದು ಕಡೆ ನಿಜವಾದ ಜಾಗ. ನಕ್ಷೆ ಫೈಲುಗಳನ್ನು ಓದುವ ಜಿಡಿಎಎಲ್ ಲೈಬ್ರರಿ ಕೇಳುವ ಜಾಗದ ಬರಹ ನೋಡಿದ್ದೀರಲ್ಲ, ಪೋಸ್ಟ್‌ಗ್ರೆಸ್ ಆದರೆ ಪಿಜಿ ಅಂತ ಶುರು, ಝಿಪ್ ಒಳಗಿನ ಫೈಲಾದರೆ ಮುಂದೆ ವಿಎಸ್‌ಐಝಿಪ್, ಹಲವು ವೇರಿಯಬಲ್ ಒಟ್ಟಿಗೆ ಇಡುವ ನೆಟ್‌ಸಿಡಿಎಫ್ ಆದರೆ ಫೈಲಿನ ಹೆಸರಾದ ಮೇಲೆ ಕೋಲನ್ ಹಾಕಿ ಒಳಗಿನ ವೇರಿಯಬಲ್. ಇದೆಲ್ಲ ಯಂತ್ರಕ್ಕೆ ಸರಿ. ಅದು ಕ್ಯಾಟಲಾಗ್ ಒಳಗೆ ಇರಲಿ, ಕೋಡಿನಲ್ಲಿ ಬೇಡ.

ಹೆಸರಿನ ಆಕಾರಕ್ಕೆ ಗ್ರಾಸ್ ನೋಡಿ. 1980ರ ದಶಕದಲ್ಲಿ ಅಮೆರಿಕದ ಸೇನೆಯ ಲ್ಯಾಬಿನಲ್ಲಿ ಹುಟ್ಟಿದ ನಕ್ಷೆ ತಂತ್ರಾಂಶ. ಅದರಲ್ಲಿ ನಕ್ಷೆಯ ಹೆಸರು, ಆಮೇಲೆ @, ಆಮೇಲೆ ಮ್ಯಾಪ್‌ಸೆಟ್ (ಒಬ್ಬೊಬ್ಬರ ನಕ್ಷೆಗಳ ಫೋಲ್ಡರ್). ಅಷ್ಟೇ. ಬೇರೆಯವರ ಮ್ಯಾಪ್‌ಸೆಟ್ಟಿನಿಂದ ಓದಬಹುದು, ಬರೆಯುವುದು ಮಾತ್ರ ನಿಮ್ಮದರಲ್ಲೇ. ನಾಲ್ಕು ಜನರ ತಂಡಕ್ಕೆ ಈ ಒಂದು ನಿಯಮ ಸಾಕು, 'ನನ್ನ ಫೈಲ್ ಯಾರು ಅಳಿಸಿದ್ದು' ಅನ್ನುವ ಜಗಳ ಅರ್ಧ ಮುಗಿಯುತ್ತದೆ. ನಕ್ಷೆಗಳನ್ನು ವೆಬ್‌ನಲ್ಲಿ ಹಂಚುವ ಜಿಯೋಸರ್ವರಿನಲ್ಲೂ ಇದೇ ರೀತಿ, ವರ್ಕ್‌ಸ್ಪೇಸ್, ಕೋಲನ್, ಪದರ.

ಹಾಗಾಗಿ ನನ್ನ ಸಲಹೆ: ತೆರೆ("ಗಡಿ.ವಾರ್ಡ್.ಬೆಂಗಳೂರು@2010"). ವಿಷಯ, ಬಗೆ, ಪ್ರದೇಶ, ಆಮೇಲೆ ಯಾವ ಆವೃತ್ತಿ. @ ಇಲ್ಲದೆ ಕೇಳಿದರೆ ಟೂಲ್ ಎರರ್ ಕೊಡಲಿ. 'ಇತ್ತೀಚಿನದು' ಅಂತ ತಾನೇ ಊಹಿಸಿ ತೆರೆಯಬಾರದು. ಊಹಿಸಿದ್ದರಿಂದಲೇ ಅಲ್ವಾ ನಿಮಗೆ ಏಟು ಬಿದ್ದಿದ್ದು.

ಇನ್ನೊಂದು. ಎಲ್ಲ ಸಣ್ಣಕ್ಷರ ಇರಲಿ. ಪೋಸ್ಟ್‌ಗ್ರೆಸ್ ದೊಡ್ಡಕ್ಷರವನ್ನು ಸುಮ್ನೆ ಸಣ್ಣದು ಮಾಡಿಕೊಳ್ಳುತ್ತದೆ. ಆದರೆ ಇಂಪೋರ್ಟ್ ಮಾಡುವಾಗ ಯಾವುದಾದರೂ ಟೂಲ್ ಕೊಟೇಶನ್ ಸೇರಿಸಿ ದೊಡ್ಡಕ್ಷರ ಉಳಿಸಿಬಿಟ್ಟರೆ ಮುಗಿಯಿತು, ಜೀವಮಾನವಿಡೀ ಪ್ರತಿ ಕ್ವೆರಿಯಲ್ಲೂ ಕೊಟೇಶನ್ ಹಾಕುತ್ತಾ ಕೂರಬೇಕು.

---

ಟೋಪೋಶೀಟ್_ತಾತ:

ಪುಟ್ಟಣ್ಣನವರು ಹೇಳಿದ್ದು ಸರಿ. ಆದರೆ ಹೆಸರಿಡುವ ಕೆಲಸವನ್ನು ಕಂಪ್ಯೂಟರಿನವರು ಕಂಡುಹಿಡಿದಿದ್ದಲ್ಲ ಮಕ್ಕಳೇ.

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆ ಶೀಟುಗಳನ್ನು ನೋಡಿ. ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಒಂದು ಚೌಕಕ್ಕೆ ಒಂದು ಸಂಖ್ಯೆ. 57 ಅಂದರೆ 76ರಿಂದ 80 ರೇಖಾಂಶ, 12ರಿಂದ 16 ಅಕ್ಷಾಂಶ. ಅದನ್ನು ಎಯಿಂದ ಪಿವರೆಗೆ ಹದಿನಾರು ತುಂಡು ಮಾಡುತ್ತಾರೆ, ಮೇಲಿನಿಂದ ಕೆಳಗೆ ಇಳಿದು ಮುಂದಿನ ಸಾಲಿಗೆ ಹೋಗಬೇಕು. ಒಂದೊಂದೂ ಒಂದು ಡಿಗ್ರಿ. ಅದರಲ್ಲಿ ಮತ್ತೆ ಹದಿನಾರು, ಒಂದೊಂದೂ 15 ನಿಮಿಷ. ಬೆಂಗಳೂರಿನ ನಡುಭಾಗ 57 ಎಚ್/9. ಯಲಹಂಕದ ಕಡೆ ಹೋದರೆ 13 ಡಿಗ್ರಿ ದಾಟುತ್ತದೆ, ಅದು 57 ಜಿ/12. ಶೀಟಿನ ಸಂಖ್ಯೆ ಗೊತ್ತಿದ್ದರೆ ಪಕ್ಕದ ಶೀಟು ಯಾವುದು ಅಂತ ಕಾಗದ ಪೆನ್ಸಿಲಿನಲ್ಲೇ ಲೆಕ್ಕ ಹಾಕಬಹುದು. ಕ್ಯಾಟಲಾಗೂ ಬೇಡ, ಇಂಟರ್ನೆಟ್ಟೂ ಬೇಡ. ಒಳ್ಳೆಯ ಹೆಸರು ಅಂದರೆ ಹಾಗಿರಬೇಕು.

ಅದರಲ್ಲೂ ಒಂದು ಮುಳ್ಳು ಇದೆ. ಸ್ಕ್ಯಾನ್ ಮಾಡಿದ ಶೀಟುಗಳನ್ನು ಸೇವ್ ಮಾಡುವ ಸ್ಕ್ರಿಪ್ಟ್ ಒಂದನ್ನು ನಮ್ಮ ಹುಡುಗನೊಬ್ಬ ಬರೆದಿದ್ದ. ಶೀಟಿನ ಸಂಖ್ಯೆಯನ್ನೇ ಫೈಲಿನ ಹೆಸರು ಮಾಡಿದ್ದ. ಆ ಓರೆಗೆರೆ ಇದೆಯಲ್ಲ, ಅದನ್ನು ಕಂಪ್ಯೂಟರ್ ಫೋಲ್ಡರ್ ಅಂತ ತಿಳಿಯಿತು. '57 ಎಚ್' ಅಂತ ಒಂದು ಫೋಲ್ಡರ್, ಅದರೊಳಗೆ '9' ಅಂತ ಒಂದು ಫೈಲ್. '57 ಜಿ' ಫೋಲ್ಡರಿನಲ್ಲೂ ಒಂದು '9'. ಇನ್ನೊಬ್ಬ ಎಲ್ಲವನ್ನೂ ಒಂದೇ ಫೋಲ್ಡರಿಗೆ ಕಾಪಿ ಮಾಡಿದ, ಒಂದರ ಮೇಲೆ ಒಂದು ಕೂತು ಕೊನೆಗೆ ಉಳಿದದ್ದು ಹದಿನಾರೇ ಫೈಲು.

ತುಂಡು ತುಂಡಾಗಿ ಬರುವ ಡೇಟಾದಲ್ಲಿ ಇನ್ನೊಂದು ನೋಡಿಕೊಳ್ಳಿ. ಎಸ್‌ಆರ್‌ಟಿಎಂ ಎತ್ತರದ ಡೇಟಾದಲ್ಲಿ ಬೆಂಗಳೂರಿನ ತುಂಡಿನ ಹೆಸರು ಎನ್12ಇ077 (ಉತ್ತರ 12, ಪೂರ್ವ 77). ಅದು ನೈಋತ್ಯ ಮೂಲೆ, ಅಂದರೆ ಕೆಳಗೆ ಎಡಕ್ಕೆ. ಕಾಡು ಕಡಿದ ಲೆಕ್ಕದ ಹ್ಯಾನ್ಸನ್ ಡೇಟಾದಲ್ಲಿ ಅದೇ ಬೆಂಗಳೂರು 20ಎನ್_070ಇ ಒಳಗೆ ಬರುತ್ತದೆ. ಇದು ಹತ್ತು ಡಿಗ್ರಿಯ ತುಂಡು, ಹೆಸರು ವಾಯವ್ಯ ಮೂಲೆಯದ್ದು. ನೋಡಲು ಎರಡೂ ಒಂದೇ ಥರ. ಒಂದರ ಅಭ್ಯಾಸದಲ್ಲಿ ಇನ್ನೊಂದನ್ನು ಇಳಿಸಿಕೊಂಡರೆ ಪೂರ್ತಿ ಬೇರೆ ಜಾಗ ಬರುತ್ತದೆ. ನೀವು ಸ್ವಂತ ತುಂಡು ಮಾಡುವುದಾದರೆ ಯಾವ ಮೂಲೆ ಅಂತ ಒಂದು ಸಾಲು ಬರೆದಿಡಿ.

---

ಕೋಲಾರದ_ಚಿನ್ನ:

ಪ್ರೊಜೆಕ್ಷನ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಹೆಸರಿನಲ್ಲೇ ಹಾಕಬೇಕು ಅನ್ನುವ ಪಕ್ಷ.

ಕಾರಣ ನಮ್ಮ ಜಿಲ್ಲೆಯೇ. ಯುಟಿಎಂ ಅನ್ನುವ ಪ್ರೊಜೆಕ್ಷನ್ ಭೂಮಿಯನ್ನು ಆರು ಡಿಗ್ರಿಯ ವಲಯಗಳಾಗಿ ಹಂಚುತ್ತದೆ, ಅದರ ವಲಯ 43 ಮುಗಿಯುವುದು 78 ಡಿಗ್ರಿ ರೇಖಾಂಶಕ್ಕೆ. ಬೆಂಗಳೂರು 77.6, ಹಾಗಾಗಿ 43ರಲ್ಲಿ ಆರಾಮಾಗಿ ಇದೆ. ಕೋಲಾರ ಪೇಟೆ 78.1, ಗೆರೆ ದಾಟಿ 44ರಲ್ಲಿ ಕೂತಿದೆ. ಒಂದೇ ಜಿಲ್ಲೆ, ಎರಡು ವಲಯ. ಬೆಂಗಳೂರಿನವರು ಎಲ್ಲಕ್ಕೂ ಇಪಿಎಸ್‌ಜಿ 32643 (ಪ್ರೊಜೆಕ್ಷನ್‌ಗಳಿಗೆ ಕೊಟ್ಟ ಸಂಖ್ಯೆ, ಇದು ವಲಯ 43ರದ್ದು) ಹಾಕುತ್ತಾರೆ, ನಾವು 32644ರಲ್ಲಿ, ಅಂದರೆ ವಲಯ 44ರಲ್ಲಿ ಕಳಿಸಿದ ಕೆರೆಗಳನ್ನು ಪಿಆರ್‌ಜೆ ಫೈಲ್ (ಯಾವ ಪ್ರೊಜೆಕ್ಷನ್ ಅಂತ ಹೇಳುವ ಫೈಲ್) ಇಲ್ಲದೆ ತೆಗೆದುಕೊಂಡು 43 ಅಂತ ಓದಿದರೆ ಎಲ್ಲ ಕೆರೆಯೂ ಸರಿಯಾಗಿ ಆರು ಡಿಗ್ರಿ ಪಶ್ಚಿಮಕ್ಕೆ ಜರುಗುತ್ತವೆ. ಅಂದರೆ ಮಂಗಳೂರನ್ನೂ ದಾಟಿ ಅರಬ್ಬಿ ಸಮುದ್ರದ ಒಳಗೆ. ಇದು ನಿಜವಾಗಿ ಆಗಿದೆ. ನೀರಿಲ್ಲ ನೀರಿಲ್ಲ ಅನ್ನುವ ಕೋಲಾರದ ಕೆರೆಗಳಿಗೆ ಕೊನೆಗೂ ಸಮುದ್ರವೇ ಸಿಕ್ಕಿತು ಅಂತ ಆಫೀಸಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಹೆಸರಿನಲ್ಲಿ 32644 ಇದ್ದಿದ್ದರೆ ಯಾರಾದರೂ ನೋಡುತ್ತಿದ್ದರು.

---

ಪುಟ್ಟಣ್ಣ_ಪೋಸ್ಟ್‌ಗ್ರೆಸ್:

ಚಿನ್ನ ಅವರೇ, ನೋವು ಅರ್ಥವಾಗುತ್ತದೆ, ಆದರೆ ಒಪ್ಪುವುದಿಲ್ಲ. ಅದೇ ಕೆರೆ, ಅದೇ ಗಡಿ, ಪ್ರೊಜೆಕ್ಷನ್ ಬದಲಿಸಿದ ಮಾತ್ರಕ್ಕೆ ಬೇರೆ ಡೇಟಾ ಆಗುತ್ತದಾ? ಹೆಸರಿನಲ್ಲಿ ಹಾಕಿದರೆ ನಾಳೆ ಒಂದೇ ಪದರಕ್ಕೆ ಮೂರು ಹೆಸರು. ಒಂದರಲ್ಲಿ ತಪ್ಪು ತಿದ್ದಿ ಇನ್ನೆರಡರಲ್ಲಿ ಮರೆಯುತ್ತೀರಿ. ಹೆಸರು 44 ಅನ್ನುವುದು, ಒಳಗಿನ ಡೇಟಾ 43 ಇರುವುದು, ಅದೂ ಆಗುತ್ತದೆ. ಆಗ ಯಾರನ್ನು ನಂಬುವುದು?

ಪಿಆರ್‌ಜೆ ಇಲ್ಲದ ಫೈಲನ್ನು ಕ್ಯಾಟಲಾಗಿಗೆ ಸೇರಿಸಲೇ ಬಾರದು. ಬಾಗಿಲಲ್ಲೇ ತಡೆಯಿರಿ. ಒಳಗೆ ಬಂದ ಮೇಲೆ ಪ್ರೊಜೆಕ್ಷನ್ ಕ್ಯಾಟಲಾಗಿನ ಒಂದು ಕಾಲಂ.

ಅದಲ್ಲದೆ ಇಪಿಎಸ್‌ಜಿ ಸಂಖ್ಯೆ ಬರೆದ ಮಾತ್ರಕ್ಕೆ ಎಲ್ಲ ಹೇಳಿದ ಹಾಗೆ ಆಗುವುದಿಲ್ಲ. ಅಕ್ಷಾಂಶ ರೇಖಾಂಶದಲ್ಲೇ ಇರುವ ಡೇಟಾಗೆ ಬಳಸುವ 4326ರ ನಿಯಮದ ಪ್ರಕಾರ ಮೊದಲು ಅಕ್ಷಾಂಶ, ಆಮೇಲೆ ರೇಖಾಂಶ. ಜಿಯೋಜೇಸನ್ ಅನ್ನುವ ನಕ್ಷೆ ಫೈಲಿನಲ್ಲಿ ಉಲ್ಟಾ, ಮೊದಲು ರೇಖಾಂಶ. ಬೆಂಗಳೂರಿನ 12.97, 77.59 ಅದಲು ಬದಲಾದರೆ ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ನಿಮ್ಮ ಕೆರೆಗಳಿಗೆ ಅರಬ್ಬಿ ಸಮುದ್ರವೇ ವಾಸಿ, ಬೆಚ್ಚಗಾದರೂ ಇರುತ್ತದೆ.

---

ಕೋಲಾರದ_ಚಿನ್ನ:

ಬಾಗಿಲಲ್ಲಿ ತಡೆಯುವುದು ಅಂದರೆ ಹೇಳಲು ಸುಲಭ. ಪೆನ್‌ಡ್ರೈವಿನಲ್ಲಿ ಕೊಡುವವರು ಕ್ಯಾಟಲಾಗ್ ಕೊಡುವುದಿಲ್ಲ, ಫೈಲ್ ಕೊಡುತ್ತಾರೆ. ಕೋಡಿನ ಒಳಗಿನ ಹೆಸರಿಗೆ ಬೇಡ ಅಂದರೆ ಒಪ್ಪಿದೆ. ಹೊರಗೆ ಕಳಿಸುವ ಫೈಲಿಗಾದರೂ ಹಾಕಿ.

---

ಪುಟ್ಟಣ್ಣ_ಪೋಸ್ಟ್‌ಗ್ರೆಸ್:

ಹೊರಗೆ ಕಳಿಸುವಾಗ ಸರಿ. ಟೂಲ್ ತಾನೇ ಹೆಸರಿನ ಬಾಲಕ್ಕೆ ಅಂಟಿಸಲಿ. ಕೈಯಲ್ಲಿ ಯಾರೂ ಟೈಪ್ ಮಾಡಬಾರದು.

---

ಹರಪನಹಳ್ಳಿ_ಹೈದ:

ಊರಿನ ಹೆಸರಿನ ಪ್ರಶ್ನೆಗೆ ಬರುತ್ತೇನೆ. ನಮ್ಮ ತಾಲ್ಲೂಕಿನ ಕಥೆ ಕೇಳಿ. ಬಳ್ಳಾರಿ ಜಿಲ್ಲೆಯಲ್ಲಿ ಇತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅಲ್ಲಿಗೆ ಹೋಯಿತು. ಆಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದಕ್ಕೆ ಸೇರಿತು. ತಾಲ್ಲೂಕು ಒಂದು ಅಡಿ ಕದಲಲಿಲ್ಲ, ಜಿಲ್ಲೆಗಳೇ ಬಂದು ಹೋದವು. ನೀವು ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಹಳ್ಳಿ ಅಂತ ಹೆಸರು ಕಟ್ಟಿದ್ದರೆ ನಮ್ಮ ಒಂದೊಂದು ಹಳ್ಳಿಯ ವಿಳಾಸವೂ ಮೂರು ಸಲ ಒಡೆಯುತ್ತಿತ್ತು. ಹಾಗಾಗಿ ಮೇಲಿನವರ ಹೆಸರನ್ನು ಕೆಳಗಿನವರ ಹೆಸರಿನಲ್ಲಿ ತುರುಕಬೇಡಿ. ಯಾರು ಯಾರೊಳಗೆ ಇದ್ದಾರೆ ಅನ್ನುವುದು ಬೇರೆ ಟೇಬಲ್, ಅದಕ್ಕೆ ಯಾವಾಗಿಂದ ಯಾವಾಗಿನವರೆಗೆ ಅಂತ ತಾರೀಖು.

ಹಾಗಂತ ಬರೀ ಹೆಸರು ಸಾಲುವುದಿಲ್ಲ. ಹೊಸಹಳ್ಳಿ ಇಲ್ಲದ ಜಿಲ್ಲೆ ತೋರಿಸಿ ನೋಡೋಣ. ಹಳ್ಳಿಗೆ ಜನಗಣತಿಯ ಕೋಡ್ ಬಳಸಿ, 2011ರದ್ದು ಆರು ಅಂಕಿ, ಕರ್ನಾಟಕದ ರಾಜ್ಯ ಕೋಡ್ 29. ಕೋಡ್‌ಗಳನ್ನು ಅಕ್ಷರ ಅಂತಲೇ ಇಡಿ, ಸಂಖ್ಯೆ ಮಾಡಬೇಡಿ. ಎಕ್ಸೆಲ್‌ನಲ್ಲಿ ಒಂದು ಸಲ ತೆರೆದು ಸೇವ್ ಮಾಡಿದರೆ ಮುಂದಿನ ಸೊನ್ನೆಗಳನ್ನು ನುಂಗಿ ನೀರು ಕುಡಿಯುತ್ತದೆ. ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಲ್ಲಿ ಬೆಂಗಳೂರು ಬೀಳುವುದು ಪಾತ್ (ಉಪಗ್ರಹದ ದಾರಿ) 144, ರೋ (ಆ ದಾರಿಯ ಅಡ್ಡಸಾಲು) 051. ಅದು 51 ಆದರೆ ಹೆಸರು ಹುಡುಕಿ ತೆರೆಯುವ ಸ್ಕ್ರಿಪ್ಟ್ ಸಿಗಲಿಲ್ಲ ಅನ್ನುತ್ತದೆ. ಅರ್ಧ ದಿನ ಹೋಯಿತು ನನ್ನದು.

ಹೊಸ ಹೆಸರಾ ಹಳೆಯ ಹೆಸರಾ ಅಂದಿರಿ. 2014ರ ನವೆಂಬರಿನಲ್ಲಿ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಗುಲ್ಬರ್ಗ ಕಲಬುರಗಿ ಆಯಿತು, ಬೆಳಗಾಂ ಬೆಳಗಾವಿ ಆಯಿತು, ಶಿವಮೊಗ್ಗದ ಕಾಗುಣಿತ ಸರಿ ಹೋಯಿತು. ಡೇಟಾದಲ್ಲಿ ಇವತ್ತಿಗೂ ಎರಡೂ ಕಾಗುಣಿತ ಬರುತ್ತವೆ. ಯಾವುದಾದರೂ ಒಂದನ್ನು ಹಿಡಿಯಿರಿ, ಇನ್ನೊಂದನ್ನು ಅಡ್ಡಹೆಸರು ಅಂತ ಕ್ಯಾಟಲಾಗಿನಲ್ಲಿ ಬರೆಯಿರಿ. ಕಷ್ಟ ಇರುವುದು ಅಲ್ಲಲ್ಲ. ಹೆಸರು ಹಾಗೇ ಇದ್ದು ಆಕಾರ ಬದಲಾದರೆ ಅದು ಕಷ್ಟ. 2020ರ ಬಳ್ಳಾರಿ ಜಿಲ್ಲೆ, 2022ರ ಬಳ್ಳಾರಿ ಜಿಲ್ಲೆ ಪಕ್ಕಪಕ್ಕ ಇಟ್ಟು ನೋಡಿ, ಹೊಸಪೇಟೆ ಕಡೆಯೆಲ್ಲ ಮಾಯ.

ಬಗೆಯನ್ನಂತೂ ಹೆಸರಿನಿಂದ ಕೈಬಿಡಲೇಬೇಡಿ. 'ಬೆಂಗಳೂರು ದಕ್ಷಿಣ' ಅಂತ ಯಾರಾದರೂ ಅಂದರೆ ಏನರ್ಥ? ಲೋಕಸಭಾ ಕ್ಷೇತ್ರ ಒಂದಿದೆ. ತಾಲ್ಲೂಕು ಇದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಅದೇ ಹೆಸರು ಬಂತು. ಅದೇ ವರ್ಷ ನಗರಕ್ಕೆ ಐದು ಪಾಲಿಕೆ ಆದವು, ಅದರಲ್ಲಿ ಒಂದು ದಕ್ಷಿಣ. ಕಡಿಮೆ ಅಂದರೂ ನಾಲ್ಕು ಆಕಾರ, ಒಂದು ಹೆಸರು.

---

ಅರ್ಧವಿರಾಮ:

ಕನ್ನಡದಲ್ಲಿ ಹೆಸರಿಡಬಹುದಾ ಅಂತ ಕೇಳಿದ್ದೀರಿ. ನನಗೂ ಆಸೆ ಇತ್ತು, ಮಾಡಿಯೂ ನೋಡಿದೆ. ಪೋಸ್ಟ್‌ಗ್ರೆಸ್ ತೆಗೆದುಕೊಳ್ಳುತ್ತದೆ, ತೊಂದರೆ ಇಲ್ಲ. ಆದರೆ ಹೆಸರಿಗೆ 63 ಬೈಟ್ ಮಿತಿ. ಅಕ್ಷರಗಳನ್ನು ಬೈಟ್ ಆಗಿ ಇಡುವ ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್, ಅಂದರೆ 21 ಚಿಹ್ನೆ. ಒತ್ತು, ಕಾಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. 'ಚಿಕ್ಕಬಳ್ಳಾಪುರ' ಬರೆಯುವಷ್ಟರಲ್ಲೇ ಅರ್ಧ ಕೋಟಾ ದಾಟಿ ಹೋಗುತ್ತದೆ.

ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಕಾಣದ್ದು. 'ಕೋಲಾರ' ತೆಗೆದುಕೊಳ್ಳಿ. ಸಾಮಾನ್ಯವಾಗಿ ಟೈಪ್ ಮಾಡಿದರೆ ಐದು ಚಿಹ್ನೆ, ಕ, ಓಕಾರ, ಲ, ದೀರ್ಘ, ರ. ಆದರೆ ಯೂನಿಕೋಡಿನಲ್ಲಿ ಆ ಓಕಾರವನ್ನು ಮೂರು ತುಂಡಾಗಿಯೂ ಬರೆಯಬಹುದು, ಆಗ ಒಟ್ಟು ಏಳು. ಪರದೆ ಮೇಲೆ ಎರಡೂ ಕೋಲಾರವೇ, ಕೂದಲೆಳೆ ವ್ಯತ್ಯಾಸ ಇಲ್ಲ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ನಮ್ಮಲ್ಲಿ ಹಳೆಯ ಮ್ಯಾಕ್ ಒಂದು ಫೈಲಿನ ಹೆಸರನ್ನು ಹೀಗೆ ಬಿಡಿಸಿ ಇಡುತ್ತಿತ್ತು, ಲಿನಕ್ಸಿನಲ್ಲಿ ಕೂತವನು ಫೈಲ್ ಎದುರಿಗೇ ಇದ್ದರೂ ಸಿಗುತ್ತಿಲ್ಲ ಅಂತ ಬಾಯಿ ಬಡಿದುಕೊಳ್ಳುತ್ತಿದ್ದ. ಇದರ ಮೇಲೆ ಅರ್ಧಾಕ್ಷರ ಬಿಡಿಸುವ ಕಾಣದ ಚಿಹ್ನೆ ಬೇರೆ. 'ರಾಜ್‌ಕುಮಾರ್ ರಸ್ತೆ' ಅಂತ ಇಬ್ಬರು ಟೈಪ್ ಮಾಡಿದರೆ ಎರಡೂ ಒಂದೇ ಆಗಿರುತ್ತವೆ ಅಂತ ನಾನು ಬಾಜಿ ಕಟ್ಟುವುದಿಲ್ಲ.

ಕೀಲಿ ಹೆಸರು ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟರಲ್ಲೇ ಇರಲಿ. ಕನ್ನಡ ಹೆಸರಿಗೆ ಕ್ಯಾಟಲಾಗಿನಲ್ಲಿ ಬೇರೆ ಕಾಲಂ ಕೊಡಿ. ಜನ ಪರದೆಯಲ್ಲಿ ನೋಡುವುದು ಅದನ್ನೇ, ಹುಡುಕುವುದೂ ಅದರಲ್ಲೇ. ಸೇರಿಸುವ ಮೊದಲು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಕೂಡಿಸಿದ ಯೂನಿಕೋಡ್ ರೂಪ) ತಂದುಕೊಳ್ಳಿ, ಪೈಥಾನ್‌ನಲ್ಲಿ ಒಂದು ಸಾಲು.

ಕಾಲಂ ಹೆಸರಿಗೂ ಒಂದು ಮಾತು. ಶೇಪ್‌ಫೈಲಿನಲ್ಲಿ ಕಾಲಂ ಹೆಸರಿಗೆ ಹತ್ತೇ ಅಕ್ಷರ. ಪಾಪ್ಯುಲೇಶನ್ ಅನ್ನುವ ಇಂಗ್ಲಿಷ್ ಪದಕ್ಕೇ ಸರಿಯಾಗಿ ಹತ್ತು. ನೀವು ಅದರ ಕೊನೆಗೆ 2001, 2011 ಅಂತ ಹಾಕಿ ಸೇವ್ ಮಾಡಿ, ವರ್ಷ ಎರಡೂ ಕತ್ತರಿಸಿ ಹೋಗಿ ಯಾವುದು ಯಾವುದೋ ಗೊತ್ತಾಗದ ಎರಡು ಕಾಲಂ ಉಳಿಯುತ್ತವೆ. ವರ್ಷವನ್ನು ಹೆಸರಿನ ಶುರುವಿನ ಕಡೆಗೆ ತನ್ನಿ, ಇಲ್ಲವೇ ಜಿಯೋಪ್ಯಾಕೇಜಿಗೆ ಹೋಗಿ.

---

ಕೆರೆದಂಡೆ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಅನುಮಾನ ಉಳಿದಿದೆ. @ ಆದ ಮೇಲೆ ಬರುವ ವರ್ಷ ಯಾವುದು? ವಾರ್ಡ್ ಜಾರಿಗೆ ಬಂದ ವರ್ಷವಾ, ನಾವು ಡೇಟಾ ತಂದ ವರ್ಷವಾ, ಗಡಿಯ ತಪ್ಪು ತಿದ್ದಿದ ದಿನವಾ?

---

ಹರಪನಹಳ್ಳಿ_ಹೈದ:

ಲ್ಯಾಂಡ್‌ಸ್ಯಾಟ್ ಹೆಸರು ನೋಡಿ, ಉತ್ತರ ಅಲ್ಲೇ ಇದೆ. ಉಪಗ್ರಹ, ಸಂಸ್ಕರಣೆಯ ಮಟ್ಟ, ಪಾತ್ ರೋ, ಆಮೇಲೆ ಎರಡು ತಾರೀಖು. ಮೊದಲನೆಯದು ಚಿತ್ರ ತೆಗೆದ ದಿನ, ಎರಡನೆಯದು ಅದನ್ನು ಸಂಸ್ಕರಿಸಿದ ದಿನ. ಒಂದೇ ದಿನದ ಚಿತ್ರವನ್ನು ಮತ್ತೆ ಸಂಸ್ಕರಿಸಿದರೆ ಮೊದಲ ತಾರೀಖು ಹಾಗೇ ಇರುತ್ತದೆ, ಎರಡನೆಯದು ಬದಲಾಗುತ್ತದೆ. ನೀವೂ ಎರಡು ಇಡಿ. @2010 ಅಂದರೆ ನೆಲದ ಮೇಲೆ ಯಾವ ಕಾಲದ್ದು ಅಂತ. ಅದರ ಪಕ್ಕ ತಿ1, ತಿ2 ಅಂತ ನಿಮ್ಮ ತಿದ್ದುಪಡಿ. ತಾರೀಖು ಪೂರ್ತಿ ಬರೆಯುವುದಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಎಂಟು ಅಂಕಿ, ಪಟ್ಟಿ ತಾನಾಗೇ ಕಾಲದ ಕ್ರಮಕ್ಕೆ ಬರುತ್ತದೆ.

---

ಟೋಪೋಶೀಟ್_ತಾತ:

ಮತ್ತೆ 600 ಹಳೆಯ ಫೈಲುಗಳ ಹೆಸರು ಬದಲಿಸಲು ಹೋಗಬೇಡ ಕಂದಾ. ಇದ್ದಲ್ಲೇ ಇರಲಿ. ಕ್ಯಾಟಲಾಗಿನಲ್ಲಿ ಹೊಸ ಹೆಸರು ಕೊಟ್ಟು ಹಳೆಯ ಪಾತ್ ಬರೆದುಬಿಡು. ಬಳಸುವಾಗ ಒಂದೊಂದಾಗಿ ಸರಿ ಮಾಡಿಕೊಂಡರೆ ಆಯಿತು. ವರ್ಷದಲ್ಲಿ ಒಂದು ಸಲವೂ ಯಾರೂ ಮುಟ್ಟದ್ದು ಅರ್ಧಕ್ಕಿಂತ ಜಾಸ್ತಿ ಇರುತ್ತದೆ, ನೋಡು ಬೇಕಾದರೆ.

---

ಕೆರೆದಂಡೆ:

ತಾತ, ನೀವು ಹೇಳಿದ ಮೇಲೆ ಎಣಿಸಿದೆ. ಹೋದ ವರ್ಷ ತೆರೆದದ್ದು 70 ಚಿಲ್ಲರೆ ಅಷ್ಟೇ! ಅವುಗಳನ್ನು ಇವತ್ತು ಕ್ಯಾಟಲಾಗಿಗೆ ಹಾಕಲು ಕೂತಿದ್ದೇವೆ. ಮೊದಲ ಸಾಲು ಗಡಿ.ವಾರ್ಡ್.ಬೆಂಗಳೂರು@2010-ತಿ1, ಎರಡನೇ ಸಾಲು ಅದೇ @2022-ತಿ1. ಬಿಂದುವನ್ನು ಕೋಡಿನಲ್ಲಿ ಮಾತ್ರ ಇಟ್ಟುಕೊಂಡೆವು. ಪೋಸ್ಟ್‌ಗ್ರೆಸ್‌ನಲ್ಲಿ ಬಿಂದುವಿನ ಹಿಂದೆ ಇರುವುದನ್ನು ಸ್ಕೀಮಾ (ಟೇಬಲ್‌ಗಳ ಗುಂಪು) ಅಂತ ತಿಳಿಯುತ್ತದೆ, ಅದಕ್ಕೆ ಟೇಬಲ್ ಮಾಡುವಾಗ ಟೂಲ್ ಅಂಡರ್‌ಸ್ಕೋರ್ ಹಾಕುತ್ತದೆ. @ ಬಿಟ್ಟು ಕೇಳಿದರೆ ಯಾವ ಯಾವ ಆವೃತ್ತಿ ಇವೆ ಅಂತ ಪಟ್ಟಿ ತೋರಿಸಿ ನಿಲ್ಲುತ್ತದೆ. 'ವಾರ್ಡ್_ಫೈನಲ್_ಹೊಸದು2_ಇದನ್ನೇ_ಬಳಸಿ' ತೆರೆದು ನೋಡಿದೆವು. ಒಳಗೆ ಇದ್ದದ್ದು 2023ರ 225 ವಾರ್ಡ್.